ನೀರಿನಲ್ಲಿ ನಮ್ಮ ಪಾಲು

(ಭೂಸನೂರಿನಲ್ಲಿ ಶ್ರಾವಣಮಾಸದ ಕಡೆಯ ಸೋಮವಾರ ಸಂಜೆ ಕೂಡಿದ ಸಭೆಯಲ್ಲಿ ದಯಪಾಲಿಸಿದ ಆಶೀರ್ವಚನ)



ಕರ್ತೃಗದ್ದುಗೆಗೆ ಮಣಿದು ಇಂದಿನ ನಾಲ್ಕು ಮಾತುಗಳನ್ನು ಆರಂಭಿಸುತ್ತೇವೆ. ಒಂದು ತಿಂಗಳ ಪರ್ಯಂತ ಇಲ್ಲಿ ಪುರಾಣ ನಡೆಯಿತು, ಭಜನೆ ನಡೆಯಿತು, ದಾಸೋಹ ನಡೆಯಿತು. ಕಡೆಯ ದಿನ ಷಟ್‌ಸ್ಥಲದ ವಿಚಾರವಾಗಿ ಮಾತನಾಡಬೇಕೆಂದು ನಾವು ಯೋಚಿಸಿದ್ದೆವು. ಆದರೆ ಮೊನ್ನೆ ಸಂಜೆ ನಮ್ಮ ಭಾಗದ ಎಂಟು-ಹತ್ತು ಮಂದಿ ರೈತರು ಮಠಕ್ಕೆ ಬಂದರು. ಬಂದವರು ಪಾದಕ್ಕೆ ಎರಗಿ ಸುಮ್ಮನೆ ಕೂತರು. ಮುಖದಲ್ಲಿ ಸಿಟ್ಟಿತ್ತು. ಏನೆಂದು ಕೇಳಿದಾಗ ಹಳ್ಳದ ಒಡ್ಡಿನ ಜಗಳ ಹೊರಬಿತ್ತು. ಜಲಾನಯನದ ಯೋಜನೆಗೆ ಅರ್ಜಿ ಕೊಡಬೇಕೋ ಬೇಡವೋ ಎಂಬುದು ಪ್ರಶ್ನೆ. ಅದಕ್ಕಾಗಿ ಇವತ್ತು ಷಟ್‌ಸ್ಥಲವನ್ನು ಬದಿಗಿಟ್ಟು ನೀರಿನ ಮಾತು ಆಡುತ್ತೇವೆ. ಆಲಿಸಿದರೆ ಇದೂ ಧರ್ಮದ ಮಾತೇ ಎಂಬುದು ತಮಗೆ ತಿಳಿದೀತು.

ಬಂದವರಲ್ಲಿ ಮೂರು ಪಕ್ಷಗಳಿದ್ದವು. ಒಬ್ಬರು ಹೇಳಿದರು: "ಅಪ್ಪಾವ್ರೇ, ಸರಕಾರ ಕೊಡ್ತದ ಅಂದ ಮ್ಯಾಲ ನಮ್ಮ ಕಿಸೆದಾಗಿಂದ ಯಾಕ ಹಾಕಬೇಕ್ರಿ?" ಎರಡನೆಯವರು ಮೇಲಿನ ಹೊಲದ ಒಡೆಯರು. "ನನ್ನ ಹೊಲದಾಗ ಒಡ್ಡು ಕಟ್ಟಿದ್ರ ಕೆಳಗಿನವ್ರ ಬಾವಿ ತುಂಬ್ತಾವ. ನನಗೇನ್ ಬಂತ್ರಿ?" ಎಂದರು. ಮೂರನೆಯವರು ನಕ್ಕು ಹೇಳಿದರು: "ರೊಕ್ಕ ಬರ್ತದ, ನಡುವಾಗೇ ಖಾಲಿ ಆಗ್ತದ. ಒಡ್ಡು ಹಳ್ಳದಾಗ ಇರೂದಿಲ್ರಿ, ಕಾಗದದಾಗ ಇರ್ತದ." ಮೂವರ ಮಾತಿನಲ್ಲೂ ಸತ್ಯದ ಅಂಶವಿದೆ. ಆದ್ದರಿಂದ ಮೂರಕ್ಕೂ ಕ್ರಮವಾಗಿ ಉತ್ತರ ಹುಡುಕೋಣ.

ಮೊದಲು ನೀರೆಂದರೇನು ಎಂಬುದನ್ನು ವಿಚಾರಿಸೋಣ. ನಾವು ಚಿಕ್ಕಂದಿನಲ್ಲಿ ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡುತ್ತಿದ್ದೆವು. ಅಮರಸಿಂಹನು ನೀರಿಗೆ ಕೊಡುವ ಹೆಸರುಗಳಲ್ಲಿ ಜೀವನ ಒಂದು, ಅಮೃತ ಒಂದು, ಭುವನ ಒಂದು. ಅಂದು ಗಿಳಿಪಾಠದಂತೆ ಹೇಳಿದೆವು, ಅರ್ಥ ತಿಳಿಯಲಿಲ್ಲ. ಅರ್ಥ ತಿಳಿದದ್ದು ಬರಗಾಲದಲ್ಲಿ. 2023ನೆಯ ಇಸವಿಯಲ್ಲಿ ಕರ್ನಾಟಕದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸರಕಾರ ಸಾರಿತು. ಅದಕ್ಕೆ ಮೂರು ವರ್ಷ ಹಿಂದೆ, 2020ರ ಅಕ್ಟೋಬರದಲ್ಲಿ, ಇದೇ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಗೆ ನುಗ್ಗಿ ಜನರನ್ನು ಮನೆ ಬಿಡಿಸಿತ್ತು. ಒಂದು ವರ್ಷ ನೀರು ಹೆಚ್ಚಾಗಿ ಅಳು, ಇನ್ನೊಂದು ವರ್ಷ ನೀರಿಲ್ಲದೆ ಅಳು. ಮೇಘರಾಜನು ನಮಗೆ ಕೊಡುವದಿಲ್ಲವೆಂದಲ್ಲ, ಕೊಟ್ಟದ್ದನ್ನು ಹಿಡಿದಿಡುವ ಬುದ್ಧಿ ನಮ್ಮಲ್ಲಿ ಕಡಿಮೆ.

ಒಂದು ಸಣ್ಣ ಲೆಕ್ಕ ಹೇಳುತ್ತೇವೆ. ಒಂದು ಎಕರೆ ಹೊಲದ ಮೇಲೆ ಒಂದು ಇಂಚು ಮಳೆ ಸುರಿದರೆ ಒಂದು ಲಕ್ಷ ಲೀಟರಿಗೂ ಮಿಕ್ಕಿ ನೀರು ಬಿದ್ದಂತಾಯಿತು. ನಾಲ್ಕು ಎಕರೆಯ ಬಡ ರೈತನ ಹೊಲಕ್ಕೂ ಒಂದೇ ಮಳೆಗೆ ನಾಲ್ಕು ಲಕ್ಷ ಲೀಟರು! ಇಷ್ಟು ದೊಡ್ಡ ದಾಸೋಹ ಮಾಡುವವನು ಆ ಪರಮಾತ್ಮನಲ್ಲದೆ ಮತ್ತಾರು? ಆದರೆ ನಮ್ಮದು ಎರೆಭೂಮಿ. ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು ಬಿಡುತ್ತದೆ. ಮಳೆ ಬಿದ್ದೊಡನೆ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಆಮೇಲೆ ನೀರು ಒಳಗೆ ಇಳಿಯುವದು ಬಹಳ ನಿಧಾನ. ಇಳಿಯಲಾರದ ನೀರು ಮೇಲ್ಮಣ್ಣನ್ನು ಹೊತ್ತುಕೊಂಡು ಕೊರಕಲು ಹಿಡಿದು ಹಳ್ಳಕ್ಕೆ, ಹಳ್ಳದಿಂದ ಅಮರ್ಜೆಗೆ, ಗಾಣಗಾಪುರದ ಸಂಗಮದಲ್ಲಿ ಭೀಮೆಗೆ ಸೇರಿ ಹೋಗುತ್ತದೆ. ನೀರು ಹೋದರೆ ಬರುವ ವರ್ಷ ಬಂದೀತು. ಮಣ್ಣು ಹೋದರೆ ಮೊಮ್ಮಕ್ಕಳ ಕಾಲಕ್ಕೂ ಬರುವದಿಲ್ಲ.

ಹೀಗಿರುವದರಿಂದ ಓಡುವ ನೀರನ್ನು ನಡೆಸಬೇಕು, ನಡೆಯುವ ನೀರನ್ನು ನಿಲ್ಲಿಸಬೇಕು, ನಿಂತದ್ದನ್ನು ಇಂಗಿಸಬೇಕು. ಇದೇ ಜಲಾನಯನದ ಸಾರ. ಸ್ನಾನ ಮಾಡುವವನು ತಲೆಯಿಂದ ಪಾದಕ್ಕೆ ನೀರು ಸುರಿದುಕೊಳ್ಳುವಂತೆ ಈ ಕೆಲಸವೂ ದಿನ್ನೆಯಿಂದ ಮೊದಲಾಗಿ ಹಳ್ಳಕ್ಕೆ ಇಳಿಯಬೇಕು. ದಿನ್ನೆಯ ಮೇಲೆ ಗಿಡ, ಹೊಲದಲ್ಲಿ ಬದು, ಕೊರಕಲಿಗೆ ಕಲ್ಲಿನ ತಡೆ, ಕಡೆಯಲ್ಲಿ ಹಳ್ಳಕ್ಕೆ ಒಡ್ಡು. ಎರೆಭೂಮಿಯ ಬದುವಿಗೆ ಕೋಡಿ ಇರಲೇಬೇಕು, ಇಲ್ಲವಾದರೆ ನಿಂತ ನೀರು ಬೆಳೆಯನ್ನೂ ಕೊಲ್ಲುತ್ತದೆ, ಬದುವನ್ನೂ ಒಡೆಯುತ್ತದೆ. ಮೇಲಿನದನ್ನು ಬಿಟ್ಟು ಕೆಳಗೆ ಮಾತ್ರ ಒಡ್ಡು ಹಾಕಿದರೆ ಎರಡು ಮಳೆಗಾಲದಲ್ಲಿ ಅದು ಹೂಳಿನಿಂದ ತುಂಬಿ ಹೋಗುತ್ತದೆ.

ಇನ್ನು ಮೊದಲನೆಯ ಪ್ರಶ್ನೆ: ಸರಕಾರ ಕೊಡುವಾಗ ನಾವೇಕೆ ಪಾಲು ಹಾಕಬೇಕು?

ಸರಕಾರದ ರೊಕ್ಕವೆಂದರೆ ಯಾರ ರೊಕ್ಕ? ನೀವು ಅಂಗಡಿಯಲ್ಲಿ ಸಾಬೂನು ಕೊಂಡಾಗ ತೆರಿಗೆ ಕೊಟ್ಟಿರಿ, ಬೈಕಿಗೆ ಪೆಟ್ರೋಲು ಹಾಕಿಸಿದಾಗ ಕೊಟ್ಟಿರಿ. ಅದೇ ಹಣ ದಿಲ್ಲಿಗೂ ಬೆಂಗಳೂರಿಗೂ ಹೋಗಿ ಸುತ್ತಿ ಬರುತ್ತದೆ. ಪ್ರಧಾನಮಂತ್ರಿ ಕೃಷಿ ಸಿಂಚಾಯಿ ಯೋಜನೆಯ ಜಲಾನಯನ ಕಾರ್ಯಕ್ಕೆ ಕೇಂದ್ರದ್ದು ನೂರಕ್ಕೆ 60, ರಾಜ್ಯದ್ದು 40. ಮೊದಲು ಬಯಲು ಸೀಮೆಗೆ ಹೆಕ್ಟೇರಿಗೆ 12,000 ರೂಪಾಯಿ ಇದ್ದದ್ದು 2021ರ ಹೊಸ ಹಂತದಲ್ಲಿ 22,000 ಆಯಿತು. ಐನೂರು ಹೆಕ್ಟೇರಿನ ಒಂದು ಕಿರು ಜಲಾನಯನಕ್ಕೆ ಲೆಕ್ಕ ಹಾಕಿದರೆ 1 ಕೋಟಿ 10 ಲಕ್ಷ ರೂಪಾಯಿ. ಇದಲ್ಲದೆ ವಿಶ್ವಬ್ಯಾಂಕಿನ ನೆರವಿನಿಂದ ಸುಜಲಾ ಯೋಜನೆ ನಡೆಯಿತು. ಅದರ ಮೂರನೆಯ ಹಂತದಲ್ಲಿ ನಮ್ಮ ಕಲಬುರಗಿ ಜಿಲ್ಲೆಯೂ ಸೇರಿತ್ತು, ಹೊಲಹೊಲದ ಮಣ್ಣು ಪರೀಕ್ಷಿಸಿ ನಕ್ಷೆ ತಯಾರಿಸಿದರು. ಆ ಬಳಿಕ 2022ರ ಜನವರಿಯಲ್ಲಿ ರಿವಾರ್ಡ್ ಎಂಬ ಯೋಜನೆಗೆ ಸಹಿಯಾಯಿತು. ಒಟ್ಟು 11 ಕೋಟಿ 50 ಲಕ್ಷ ಡಾಲರು, ಅದರಲ್ಲಿ ಕರ್ನಾಟಕಕ್ಕೆ 6 ಕೋಟಿ. ನೆರವು ಎಂದು ಬಾಯಲ್ಲಿ ಹೇಳುತ್ತೇವೆ, ಆದರೆ ವಿಶ್ವಬ್ಯಾಂಕು ಕೊಡುವದು ಸಾಲ. ತೊಟ್ಟಿಲಲ್ಲಿರುವ ಕೂಸು ದೊಡ್ಡದಾಗಿ ಅದನ್ನು ತೀರಿಸಬೇಕು. ಪುಕ್ಕಟೆ ಎಂಬುದು ಇದರಲ್ಲಿ ಎಲ್ಲಿದೆ?

ಅರಸನೂ ಪ್ರಜೆಯೂ ಕೂಡಿ ನೀರಿನ ಕೆಲಸ ಮಾಡುವ ಪದ್ಧತಿ ಈಗಿನದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸೇತುಬಂಧದ ವಿಚಾರ ಬರುತ್ತದೆ. ಅಲ್ಲಿ ಸೇತು ಎಂದರೆ ದಾಟುವ ಸೇತುವೆಯಲ್ಲ, ನೀರು ಕಟ್ಟುವ ಒಡ್ಡು. ಜನರು ತಾವೇ ಒಡ್ಡು ಕಟ್ಟಲು ಮುಂದಾದರೆ ಅರಸನು ಜಾಗ, ದಾರಿ, ಮರಮುಟ್ಟು, ಸಲಕರಣೆ ಒದಗಿಸಿ ನೆರವಾಗಬೇಕೆಂಬುದು ಅವನ ಮತ. ಹೊಸ ಕೆರೆಗೆ ಐದು ವರ್ಷ, ಹಾಳುಬಿದ್ದದ್ದನ್ನು ರಿಪೇರಿ ಮಾಡಿದರೆ ನಾಲ್ಕು ವರ್ಷ ತೆರಿಗೆಯ ವಿನಾಯಿತಿ. ಇನ್ನೊಂದು ನಿಯಮ ಸ್ವಲ್ಪ ಖಾರವಾಗಿದೆ. ಊರವರು ಕೂಡಿ ಕಟ್ಟುವಾಗ ಯಾವನಾದರೂ ಹಿಂದೆ ಸರಿದರೆ ಅವನ ಆಳುಗಳೂ ಎತ್ತುಗಳೂ ಕೆಲಸಕ್ಕೆ ಬರಬೇಕು, ಖರ್ಚಿನಲ್ಲಿಯೂ ಅವನ ಪಾಲಿರಬೇಕು, ಲಾಭದಲ್ಲಿ ಮಾತ್ರ ಅವನಿಗೆ ಪಾಲಿಲ್ಲ. ಐದು ವರ್ಷ ಯಾರೂ ನೋಡದೆ ಕೈಬಿಟ್ಟ ಒಡ್ಡಿನ ಮೇಲೆ, ಆಪತ್ತಿನ ಕಾರಣವಿದ್ದ ಹೊರತು, ಒಡೆಯನ ಹಕ್ಕು ಉಳಿಯುವದಿಲ್ಲ. ಇಂದು ನಾವು ಈ ನಿಯಮ ಹಾಕಿದರೆ ಎಷ್ಟು ಜನರ ಒಡೆತನ ಉಳಿದೀತು, ನೀವೇ ಎಣಿಸಿರಿ!

ದೂರದ ಮಾತು ಬೇಡವೆಂದರೆ ನಮ್ಮ ಜಿಲ್ಲೆಯದೇ ಉದಾಹರಣೆಯಿದೆ. 1980ರ ದಶಕದ ನಡುವೆ ಕಮಲಾಪುರದ ಭಾಗದಲ್ಲಿ ಮೂರು ಕೈ ಕೂಡಿ ಜಲಾನಯನದ ಕೆಲಸ ಮಾಡಿದವು. ಕರ್ನಾಟಕ ಸರಕಾರ ಒಂದು, ಸ್ವಿಟ್ಜರ್ಲೆಂಡಿನ ನೆರವಿನ ಸಂಸ್ಥೆ ಎರಡು, ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಮೂರು. ಅಲ್ಲಿ ಕಂಡದ್ದೇನು? ಅಧಿಕಾರಿಗಳು ನಕ್ಷೆಯಲ್ಲಿ ಗೆರೆ ಎಳೆದು ಹಾಕಿದ ಬದುವಿಗಿಂತ, ರೈತರು ತಲೆತಲಾಂತರದಿಂದ ಕೊರಕಲಿಗೆ ಅಡ್ಡ ಕಲ್ಲು ಒಟ್ಟಿ ಹೂಳು ಹಿಡಿದು ಹೊಲ ಮಾಡಿಕೊಳ್ಳುತ್ತಿದ್ದ ರೀತಿಯಲ್ಲಿ ಅವರಿಗೆ ಹೆಚ್ಚಿನ ವಿಶ್ವಾಸ. ತಾನು ಬೆವರು ಸುರಿಸಿದ ಕಲ್ಲನ್ನು ರೈತ ಕಾಯುತ್ತಾನೆ. ಯಾರೋ ಬಂದು ಹಾಕಿಹೋದ ಬದುವನ್ನು ಉಳುವಾಗ ತಾನೇ ಕೆಡವುತ್ತಾನೆ. ಇಂಥ ಅನುಭವಗಳಿಂದಲೇ 2008ರ ಮಾರ್ಗಸೂಚಿಯಲ್ಲಿ ಸ್ವಂತ ಹೊಲದ ಕೆಲಸಕ್ಕೆ ರೈತನ ವಂತಿಗೆ ನೂರಕ್ಕೆ 10, ಸಣ್ಣ ರೈತರಿಗೂ ಪರಿಶಿಷ್ಟರಿಗೂ 5 ಎಂದು ಗೊತ್ತುಪಡಿಸಿದರು. ಹಣವಾಗಿ ಕೊಡಲಿ, ದುಡಿಮೆಯಾಗಿ ಕೊಡಲಿ. ಆ ವಂತಿಗೆ ಅಧಿಕಾರಿಯ ಮನೆಗೆ ಹೋಗುವದಲ್ಲ. ಊರಿನ ಜಲಾನಯನ ನಿಧಿಯಲ್ಲಿ ಕೂಡಿ, ಯೋಜನೆ ಮುಗಿದು ಎಲ್ಲರೂ ಹೋದ ಮೇಲೆ ಒಡ್ಡು ರಿಪೇರಿಗೆ ಉಳಿಯುವಂಥದ್ದು. ಇಪ್ಪತ್ತು ಸಾವಿರದ ಬದುವಿಗೆ ಸಣ್ಣ ರೈತ ಒಂದು ಸಾವಿರ ಹಾಕಬೇಕು. ಅದೂ ಇಲ್ಲದವನು ಕೆಲವು ದಿನ ಬುಟ್ಟಿ ಹೊರಬೇಕು. ಈ ಒಂದು ಸಾವಿರ ಒಡ್ಡಿನ ಬೆಲೆಯಲ್ಲ, ಒಡ್ಡು ನಮ್ಮದು ಎನ್ನುವ ಮಾತಿಗೆ ಸಾಕ್ಷಿ.

ಎರಡನೆಯ ಪ್ರಶ್ನೆ ಮೇಲಿನ ಹೊಲದವರದು. ಅವರ ನೋವು ಸುಳ್ಳಲ್ಲ. ಅರ್ಧ ಎಕರೆ ಭೂಮಿ ನೀರಿನಡಿ ಹೋಗುವದು ಅವರದು, ಬಾವಿ ತುಂಬುವದು ಕೆಳಗಿನವರದು. ಯಾಜ್ಞವಲ್ಕ್ಯರ ಸ್ಮೃತಿಯಲ್ಲಿ ಇದೇ ವ್ಯಾಜ್ಯದ ಪ್ರಸ್ತಾಪವಿದೆ. ಒಬ್ಬನ ಹೊಲದಲ್ಲಿ ಒಡ್ಡು ಬಂದು ಅವನಿಗೆ ಸ್ವಲ್ಪ ಬಾಧೆಯಾದರೂ ಬಹುಜನಕ್ಕೆ ಒಳಿತಾಗುವದಾದರೆ ಅದನ್ನು ತಡೆಯುವದು ಸಲ್ಲದೆಂದು ಅವರ ಅಭಿಪ್ರಾಯ. ಕೆಳಗಿನ ಹೊಲದವರು ಇದನ್ನು ಕೇಳಿ ಬಹಳ ಸಂತೋಷಪಡಬೇಡಿರಿ! ಅದರ ಮುಂದೆಯೇ ಇನ್ನೊಂದು ಮಾತಿದೆ. ಹೊಲದ ಒಡೆಯನಿಗೆ ತಿಳಿಸದೆ ಒಡ್ಡು ಕಟ್ಟಿದರೆ ಅದರ ಫಲವೆಲ್ಲ ಕಟ್ಟಿದವನದಲ್ಲ, ಒಡೆಯನದು. ಅಂದರೆ ಏನಾಯಿತು? ಮೇಲಿನವನು ಅಡ್ಡ ನಿಲ್ಲಬಾರದು, ಕೆಳಗಿನವನು ಕೇಳದೆ ಮುಟ್ಟಬಾರದು. ನಾಲ್ಕು ಜನ ಕೆಳಗಿನ ಹೊಲದವರು ಎಲೆ ಅಡಿಕೆ ಹಿಡಿದು ಅವರ ಮನೆಗೆ ಹೋಗಿದ್ದರೆ ಈ ಜಗಳ ಮಠದವರೆಗೆ ಬರುತ್ತಿರಲಿಲ್ಲ. ಒಡ್ಡಿನಲ್ಲಿ ನಿಂತ ಹೂಳು ಮೊದಲು ಅವರ ಹೊಲಕ್ಕೆ ಸೇರಲಿ. ಹೋದ ಭೂಮಿಯ ಬೆಳೆಗೆ ಬದಲಾಗಿ ಬಾವಿ ತುಂಬಿದ ಪ್ರತಿಯೊಬ್ಬರೂ ಸುಗ್ಗಿಯಲ್ಲಿ ಒಂದಿಷ್ಟು ಧಾನ್ಯ ಅಳೆದು ಕೊಡಲಿ. ತೆಗೆದುಕೊಂಡವನು ಕೊಡುವದನ್ನು ಮರೆಯದಿದ್ದರೆ ಕೊಟ್ಟವನು ಲೆಕ್ಕ ಹಿಡಿಯುವದಿಲ್ಲ.

ಮೂರನೆಯ ಪ್ರಶ್ನೆ ಪ್ರಾಮಾಣಿಕತೆಯದು. ರೊಕ್ಕ ನಡುವೆ ಸೋರುತ್ತದೆ ಎಂಬ ಆಕ್ಷೇಪ. ಆಯ್ದಕ್ಕಿ ಮಾರಯ್ಯನವರ ಕಥೆ ತಮಗೆಲ್ಲ ಗೊತ್ತು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವದು ಅವರ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದರು. ಮಡದಿ ಲಕ್ಕಮ್ಮ ಅದನ್ನು ಮುಟ್ಟಲಿಲ್ಲ. ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ತಿರುಗಿ ಕಳಿಸಿದಳು. ಆ ಅಕ್ಕಿ ಕದ್ದದ್ದಲ್ಲ, ಆದರೂ ಬೇಡವೆಂದಳು. ಬೇಕಾದದ್ದಕ್ಕಿಂತ ಹೆಚ್ಚಿನದು ಇನ್ನೊಬ್ಬರ ಪಾಲು ಎಂಬ ಎಚ್ಚರ ಆ ತಾಯಿಗಿತ್ತು. ಊರಿಗೆ ಬಂದ ಅನುದಾನವೂ ಅಂಗಳದಲ್ಲಿ ಚೆಲ್ಲಿದ ಅಕ್ಕಿಯೇ. ಅದನ್ನು ಪ್ರಸಾದದಂತೆ ಎರಡೂ ಕೈಯಲ್ಲಿ ಹಿಡಿಯಬೇಕು. ಕಾಗದದ ಒಡ್ಡಿಗೆ ಹೆಬ್ಬೆಟ್ಟು ಒತ್ತಿದವನೂ, ಒತ್ತಿದ್ದನ್ನು ಕಂಡು ಸುಮ್ಮನಿದ್ದವನೂ ಅದರಲ್ಲಿ ಸಮಪಾಲಿಗರು. ಸೋರುವ ಕೊಡವನ್ನು ಬೈದರೆ ಸೋರುವದು ನಿಲ್ಲುವದಿಲ್ಲ, ತೂತು ಮುಚ್ಚಬೇಕು. ಆ ತೂತು ಮುಚ್ಚುವ ಸಾಧನವೇ ಲೆಕ್ಕ. ಎಷ್ಟು ಬಂತು, ಎಷ್ಟು ಗಾಡಿ ಕಲ್ಲು ಬಿತ್ತು, ಯಾರಿಗೆ ಎಷ್ಟು ಕೂಲಿ ಸಂದಿತು ಎಂಬುದನ್ನು ಊರ ನಡುವೆ ಗಟ್ಟಿಯಾಗಿ ಓದಿಸಬೇಕು.

ಇಷ್ಟೂ ಹೇಳಿ ಮೊನ್ನೆಯೇ ಅವರನ್ನು ಕಳಿಸಿಬಿಡಬಹುದಿತ್ತು. ಆದರೆ ಅಂದು ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಕಾರಣ ಹೇಳುತ್ತೇವೆ, ತಾವು ಕೇಳಬೇಕು.

ಶ್ರೀಮಠದ ಹಳ್ಳದ ದಂಡೆಯ ಹೊಲದಲ್ಲಿ ಹಿಂದೊಮ್ಮೆ ಅನುದಾನದಿಂದ ಒಂದು ಒಡ್ಡು ಕಟ್ಟಿತ್ತು. ಮಠ ಒಂದು ಪೈಸೆ ಹಾಕಲಿಲ್ಲ. ಮಠದ್ದಲ್ಲವೇ ಎಂದು ಯಾರೂ ಕೇಳಲೂ ಇಲ್ಲ. ಎರಡು ವರ್ಷ ನೀರು ನಿಂತಿತು, ಕೆಳಗಿನ ಬಾವಿಗಳು ಏರಿದವು. ಮೂರನೆಯ ವರ್ಷ ಕೋಡಿಯ ಎರಡು ಕಲ್ಲು ಜಾರಿದವು. ಆಳುಮಗ ಬಂದು ಹೇಳಿದ. ಜಾತ್ರೆಯ ಗಡಿಬಿಡಿಯಲ್ಲಿ ನಾವು "ಆಮೇಲೆ ನೋಡೋಣ" ಎಂದೆವು. ಆ ಮುಂಗಾರಿನಲ್ಲಿ ಒಡ್ಡು ಒಡೆದು ಹೋಯಿತು. ಎರಡು ಕಲ್ಲು, ಅರ್ಧ ದಿನದ ಕೆಲಸ! ಅಷ್ಟಕ್ಕೇ ಮುಗಿಯಲಿಲ್ಲ. ಅದೇ ಹೊಲದಲ್ಲಿ ಕೊಳವೆ ಬಾವಿ ತೋಡಿಸಿ ಆರು ಎಕರೆ ಕಬ್ಬು ಹಾಕಿಸಿದೆವು. ನಮ್ಮ ಸೀಮೆಯ ಮಳೆ ವರ್ಷಕ್ಕೆ ಸುಮಾರು 700ರಿಂದ 800 ಮಿಲಿಮೀಟರು. ಕಬ್ಬು ಬೇಡುವದು ಅದರ ಇಮ್ಮಡಿ. ಕಡಿಮೆ ಬಿದ್ದದ್ದೆಲ್ಲ ಭೂಮಿಯ ಹೊಟ್ಟೆಯಿಂದಲೇ ಬರಬೇಕು. ಆ ಹೊಟ್ಟೆ ಮಠದ ಗಡಿಗಲ್ಲಿನ ಹತ್ತಿರ ನಿಲ್ಲುವದಿಲ್ಲ.

ಬರದ ಮರುವರ್ಷ, 2024ರ ಬೇಸಿಗೆಯಲ್ಲಿ ಕೆಳಗಿನ ಓಣಿಯ ಒಬ್ಬ ವೃದ್ಧ ತಾಯಿ ದರ್ಶನಕ್ಕೆ ಬಂದಳು. ಕಾಯಿ ಒಡೆಸಿದಳು, ವಿಭೂತಿ ಹಚ್ಚಿಕೊಂಡಳು. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದಳು: "ಯಪ್ಪಾ, ನಿಮ್ಮ ಕಬ್ಬು ಹಸರಾಗೇದ. ನಮ್ಮ ಬಾವ್ಯಾಗ ಕೊಡಾ ಮುಣಗವಲ್ದು." ಸಿಟ್ಟಿನಿಂದ ಹೇಳಲಿಲ್ಲ. ದೇವರಿಗೆ ಹೇಳುವಂತೆ ಹೇಳಿದಳು. ನಾವು "ಶಿವ ನೋಡ್ತಾನ ತಾಯಿ" ಎಂದು ಕಳಿಸಿದೆವು. ಶಿವನು ನೋಡಿದ್ದು ನಮ್ಮನ್ನು ಎಂಬುದು ಮೊನ್ನೆ ರಾತ್ರಿ ತಿಳಿಯಿತು. ಶಾಸ್ತ್ರ ಓದಿದವರಿಗೆ ಲಕ್ಕಮ್ಮನ ಕಥೆ ಹೇಳಲು ಬರುತ್ತದೆ. ಅಕ್ಕಿಯನ್ನು ತಿರುಗಿ ಸುರಿದು ಬರಲು ಕಾಲು ಏಳುವದಿಲ್ಲ.

ಆದ್ದರಿಂದ ನಿಮ್ಮೆದುರು ಸಂಕಲ್ಪ ಮಾಡುತ್ತೇವೆ. ಈ ಸಲದ ಕಬ್ಬು ಕಡಿದ ಮೇಲೆ ಕುಳೆ ಬಿಡುವದಿಲ್ಲ. ಆರು ಎಕರೆಯಲ್ಲಿ ತೊಗರಿ, ಜೋಳ ಬಿತ್ತುತ್ತೇವೆ. ನಮ್ಮ ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಅದು ಈ ಮಣ್ಣಿನ ಬೆಳೆ. ದಾಸೋಹಕ್ಕೆ ಆದಾಯ ಕಡಿಮೆಯಾಗುವದು ನಿಜ. ಸಿಹಿಯಡಿಗೆ ಕಡಿಮೆ ಮಾಡೋಣ. ಎರಡನೆಯದಾಗಿ, ಮಠ ಸಣ್ಣ ರೈತನಲ್ಲ. ಯೋಜನೆ ಬಂದರೆ ಮಠದ ಹೊಲದ ಕೆಲಸಕ್ಕೆ ನೂರಕ್ಕೆ 10ರಂತೆ ವಂತಿಗೆ ಎಲ್ಲರಿಗಿಂತ ಮೊದಲು ಕಟ್ಟುತ್ತೇವೆ. ಮೂರನೆಯದಾಗಿ, ಒಡೆದ ಒಡ್ಡಿನ ರಿಪೇರಿಗೆ ಯಾವ ಅನುದಾನಕ್ಕೂ ಕಾಯುವದಿಲ್ಲ. ಅದು ನಮ್ಮ ತಪ್ಪು, ನಾವೇ ಕಟ್ಟುತ್ತೇವೆ.

ಮಠಗಳಿಗೆ ಇದು ಹೊಸದೇನೂ ಅಲ್ಲ. ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಮಹಾಸ್ವಾಮಿಗಳು 2019ರಲ್ಲಿ ತಾವೇ ಹಳ್ಳಕ್ಕಿಳಿದು, ಭಕ್ತರ ಕಾಣಿಕೆಯಿಂದಲೂ ದುಡಿಮೆಯಿಂದಲೂ ಹಿರೇಹಳ್ಳದ ಹೂಳನ್ನು 20 ಕಿಲೋಮೀಟರಿಗೂ ಮಿಕ್ಕಿ ತೆಗೆಸಿದರು. ಇನ್ನೂ ಹಿಂದೆ ಹೋದರೆ ಗಡಿಯಾಚೆ ಸೊನ್ನಲಿಗೆ, ಈಗಿನ ಸೊಲ್ಲಾಪುರ. ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮೇಶ್ವರರು ಅಲ್ಲಿ ಕೆರೆ ಕಟ್ಟಿಸಿದರು. ಇಂದಿಗೂ ಸಿದ್ಧೇಶ್ವರನ ಗುಡಿ ನೀರಿನ ನಡುವೆಯೇ ಇದೆ. ಅಲ್ಲಮಪ್ರಭುಗಳು ಬಂದಾಗ ಕೆರೆಯ ಕೆಲಸ ನಡೆದಿತ್ತೆಂದು ಶೂನ್ಯಸಂಪಾದನೆ ಹೇಳುತ್ತದೆ. ಪ್ರಭುದೇವರು ಅವರನ್ನು ಒಡ್ಡರಾಮ ಎಂದು ಕರೆದು ಕೆಣಕಿದರು. ಕೆಣಕಿದ್ದು ಕೆರೆಯನ್ನಲ್ಲ, ಕಟ್ಟಿದವನು ನಾನು ಎಂಬ ಭಾವವನ್ನು. ಸಿದ್ಧರಾಮರಿಗೆ ಒಳಗಣ್ಣು ತೆರೆಯಿತು. ಆದರೆ ಕೆರೆಯನ್ನು ಯಾರೂ ಒಡೆದು ಹಾಕಲಿಲ್ಲ! ನಮ್ಮ ಸ್ಥಿತಿ ಇದಕ್ಕೆ ವಿಪರೀತ. ನಮ್ಮಲ್ಲಿ ಹೆಸರಿನ ಕಲ್ಲು ಉಳಿಯುತ್ತದೆ, ಒಡ್ಡು ಹೋಗುತ್ತದೆ. ಈ ಹಳ್ಳದ ಒಡ್ಡಿಗೆ ಮಠದ ಹೆಸರಿನ ಕಲ್ಲು ನೆಡಬಾರದು, ಇದು ನಮ್ಮ ಅಪ್ಪಣೆ.

ಕಡೆಯ ಮಾತು. ಬರುವ ಅಮಾವಾಸ್ಯೆಯಂದು ಮುಂಜಾನೆ ಆರು ಗಂಟೆಗೆ ನಾವು ಒಡೆದ ಒಡ್ಡಿನ ಹತ್ತಿರ ಇರುತ್ತೇವೆ. ಪಾದಪೂಜೆ ಇಲ್ಲ, ಹಾರ ಬೇಡ. ಬರುವವರು ಬುಟ್ಟಿ, ಸಲಿಕೆ ತನ್ನಿರಿ. ಮೇಲಿನ ಹೊಲದ ಯಜಮಾನರಿಗೂ ಕೆಳಗಿನವರಿಗೂ ಅಲ್ಲಿಯೇ ಭೆಟ್ಟಿ ಮಾಡಿಸುತ್ತೇವೆ. ಎಲೆ ಅಡಿಕೆ ಮಠದ್ದು. ಅಂದೇ ಅರ್ಜಿಯ ವಿಚಾರ ಮುಗಿಸೋಣ. ಯೋಜನೆ ಮಂಜೂರಾದರೆ ಪ್ರತಿ ಅಮಾವಾಸ್ಯೆ ಗದ್ದುಗೆಯ ಮುಂದೆ ಮಂಗಳಾರತಿಗೆ ಮೊದಲು ಲೆಕ್ಕ ಓದತಕ್ಕದ್ದು. ಮಠದ ಲೆಕ್ಕವೇ ಮೊದಲು. ಮಂಜೂರಾಗದಿದ್ದರೂ ನಮ್ಮ ಎರಡು ಕಲ್ಲು ನಾವು ಇಡೋಣ.

ಆ ವೃದ್ಧ ತಾಯಿ ಇಂದು ಈ ಸಭೆಯಲ್ಲಿ ಎಲ್ಲಿಯೋ ಕೂತಿರಬಹುದು. ತಾಯಿ, ಅಂದು ಶಿವ ನೋಡುತ್ತಾನೆ ಎಂದು ಹೇಳಿ ಕಳಿಸಿದೆವು. ನಿನ್ನ ಬಾವಿಯಲ್ಲಿ ಕೊಡ ಮುಳುಗಿದ ದಿನ ಮಠಕ್ಕೆ ಒಂದು ಚರಿಗೆ ನೀರು ತಂದು ಕೊಡು. ಆ ನೀರಿನಿಂದಲೇ ಅಂದಿನ ಲಿಂಗಪೂಜೆ ಮಾಡುತ್ತೇವೆ.

ಕಾಲಕಾಲಕ್ಕೆ ಮಳೆಯಾಗಲಿ, ಬಿದ್ದ ಮಳೆ ಭೂಮಿಯಲ್ಲಿ ನಿಲ್ಲಲಿ, ಪಾಲು ಕೇಳುವವರೆಲ್ಲ ಪಾಲು ಕೊಡುವವರಾಗಲಿ. ಸರ್ವರಿಗೂ ಸನ್ಮಂಗಳವಾಗಲಿ ಎಂದು ಹರಸಿ ಈ ಮಾತನ್ನು ಮುಗಿಸುತ್ತೇವೆ.